ನೆಲ ಮುಟ್ಟದ ಕಾಲು

ನನ್ನ ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದು ತುರುಬಿನದು ಎಂಬುದು ನಮ್ಮ ಮನೆಯವರ ವಾದ. ಇಷ್ಟು ಎತ್ತರದ, ಐವತ್ತರ ಹತ್ತಿರ ಬಂದ, ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕಟ ಎನ್ನುವ ಒಬ್ಬ ಹೆಂಗಸು ತನ್ನ ಸೊಂಟದ ಮಟ್ಟಕ್ಕೆ ಸೀಟಿರುವ ಅಡ್ವೆಂಚರ್ ಮೋಟರ್ ಸೈಕಲ್ಲನ್ನು ಯಾಕೆ ಕೊಂಡಳು ಎಂಬುದು ರೋಣದ ಪೇಟೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಡ್ವೆಂಚರ್ ಗಾಡಿ ಎಂದರೆ ಗೊತ್ತಲ್ಲ, ಎತ್ತರಕ್ಕೆ ನಿಂತು, ಮೂತಿ ಮುಂದೆ ಚಾಚಿ, ಈಗಲೇ ಯಾವುದೋ ಪರ್ವತಕ್ಕೆ ಹೊರಡುವಂತೆ ಕಾಣುವ ಗಾಡಿ. ನನ್ನದು ಪರ್ವತ ಕಂಡಿಲ್ಲ. ಗಜೇಂದ್ರಗಡದ ಗುಡ್ಡ ಕಂಡಿದೆ, ನರಗುಂದದ ಗುಡ್ಡ ಕಂಡಿದೆ, ಅಬ್ಬಿಗೇರಿಯ ಕೆಸರು ಕಂಡಿದೆ. ಅದಕ್ಕೂ ನನಗೂ ಅಷ್ಟೇ ಸಾಕಾಗಿದೆ.

ಮೊದಮೊದಲು ಕೇಳಿದವರಿಗೆಲ್ಲ ನಾನು ಕಾರಣ ಕೊಡುತ್ತಿದ್ದೆ. ನಮ್ಮವರದು ಪೇಟೆಯಲ್ಲಿ ದಲಾಲಿ ಅಂಗಡಿ. ಕಡಲೆ, ಹೆಸರು, ಹತ್ತಿ. ಗಾದಿ ಬಿಟ್ಟು ಏಳುವುದೆಂದರೆ ಅವರಿಗೆ ಜೀವ ಹೋದಂತೆ. ಹೀಗಾಗಿ ಅಬ್ಬಿಗೇರಿ ಕಡೆಗಿರುವ ಹೊಲದ ಉಸ್ತುವಾರಿ ಮದುವೆಯಾಗಿ ಬಂದ ಲಾಗಾಯ್ತು ನನ್ನದೇ. ಆ ಹೊಲಕ್ಕೆ ನಾನು ಸ್ಕೂಟಿಯ ಮೇಲೆ ಹೋಗುತ್ತಿದ್ದೆ. ನಮ್ಮ ಎರಿ ಮಣ್ಣಿನ ಗುಣ ನಿಮಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ನುಂಗುತ್ತದೆ. ಒಂದು ಮಳೆ ಬಿದ್ದರೆ ಬೆಲ್ಲದ ಪಾಕ. ಗಾಲಿಗೆ ಮೆತ್ತಿಕೊಂಡು, ಗಾಲಿಯಿಂದ ಮಡ್‌ಗಾರ್ಡಿಗೆ ಏರಿ, ನಡುವೆ ಗಟ್ಟಿಯಾಗಿ ಕೂತರೆ ಗಾಲಿ ತಿರುಗುವುದೇ ಇಲ್ಲ. ಬೇಲಿಯ ಕಡ್ಡಿ ಮುರಿದು ಕೆದರುವುದು, ನಾಲ್ಕು ಮಾರು ಹೋಗುವುದು, ಮತ್ತೆ ಕೆದರುವುದು. ಅರ್ಧ ಮಳೆಗಾಲವನ್ನು ನಾನು ಸ್ಕೂಟಿಯ ಹಲ್ಲು ತಿಕ್ಕುವುದರಲ್ಲಿ ಕಳೆದಿದ್ದೇನೆ. ಈ ಎತ್ತರದ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡು ಗಾಲಿಗೆ ಅಂಟಿಕೊಂಡಿರುವುದಿಲ್ಲ, ಗಿಣಿಯ ಕೊಕ್ಕಿನ ಹಾಗೆ ಮೇಲೆ ನಿಂತಿರುತ್ತದೆ. ಎಷ್ಟು ಮಣ್ಣು ಮೆತ್ತಿದರೂ ಉದುರಿಹೋಗಲು ದಾರಿ ಇರುತ್ತದೆ. ಬೆಣ್ಣಿಹಳ್ಳದ ಕಡೆ ರಸ್ತೆ ಕಿತ್ತುಹೋದಾಗಲೂ ಹೊಟ್ಟೆಗೆ ಕಲ್ಲು ಬಡಿಯುವುದಿಲ್ಲ. ಹೀಗೆಲ್ಲ ಹೇಳುತ್ತಿದ್ದೆ. ಕೇಳಿದವರು ತಲೆಯಾಡಿಸಿ, "ಖರೇ ಐತಿ ನೋಡ್ರಿ, ಆದ್ರ ಹೆಣ್ಮಕ್ಕಳಿಗೆ ಯಾಕ?" ಎಂದು ಹೊರಟಲ್ಲಿಗೇ ವಾಪಸು ಬರುತ್ತಿದ್ದರು.

ಆಮೇಲೆ ನನಗೆ ಹೊಳೆಯಿತು. ನಮ್ಮ ಓಣಿಯಲ್ಲಿ ಒಬ್ಬರು ಮನೆ ಮುಂದೆ ನಿಲ್ಲಿಸಲಿಕ್ಕೂ ಜಾಗವಿಲ್ಲದಷ್ಟು ದೊಡ್ಡ ಕಾರು ತಂದರು. ಅವರನ್ನು ಯಾರೂ ಯಾಕೆ ಎಂದು ಕೇಳಲಿಲ್ಲ. ಪೇಢಾ ಎಲ್ಲಿ ಎಂದು ಕೇಳಿದರು. ಕಾರಣ ಕೇಳಿಸಿಕೊಳ್ಳುವ ಭಾಗ್ಯ ಕೆಲವರಿಗೆ ಮಾತ್ರ ಇರುತ್ತದೆ. ಅಂದಿನಿಂದ ನಾನು ಕಾರಣ ಕೊಡುವುದನ್ನು ನಿಲ್ಲಿಸಿದೆ. ಮಣ್ಣು, ಹಳ್ಳ, ಮಡ್‌ಗಾರ್ಡು ಎಲ್ಲ ಖರೆ. ಆದರೆ ಅವು ಯಾವುವೂ ಇಲ್ಲದಿದ್ದರೂ ನಾನು ಇದನ್ನು ತರುತ್ತಿದ್ದೆ. ಈಗ ಕೇಳಿದವರಿಗೆ ಒಂದೇ ಮಾತು: "ನನಗ ಬೇಕಾಗಿತ್ರಿ." ಪಾಪ, ಚಾ ಕುಡಿದು ಹೋಗುತ್ತಾರೆ.

ಆಯ್ಕೆ ಮಾಡಿದ್ದು ಅಡುಗೆಮನೆಯಲ್ಲಿ. ರೊಟ್ಟಿ ಬಡಿಯುತ್ತ, ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ಯಾರ್‍ಯಾರೋ ಹುಡುಗರು ಗಾಡಿಗಳನ್ನು ತೂಗಿ ನೋಡುವ ವಿಡಿಯೋಗಳನ್ನೆಲ್ಲ ನೋಡಿದೆ. ಸಣ್ಣ ಗಾಡಿ ಹೊಲಕ್ಕೆ ಚಲೋ, ಗದಗಿನ ದೊಡ್ಡ ರಸ್ತೆಗೆ ಬಂದರೆ ಏದುಸಿರು ಬಿಡುತ್ತದೆ. ದೊಡ್ಡದು ಬಿದ್ದರೆ ಎತ್ತಲು ಊರು ಕೂಡಿಸಬೇಕು. ನಡುವಿನದೇ ಸರಿ ಎಂದು ತೀರ್ಮಾನಿಸಿದೆ. ನಮ್ಮವರು ಒಂದು ದಿನ ಅಡುಗೆಮನೆಗೆ ಬಂದು, ಸಸ್ಪೆನ್ಷನ್ ಎಂಬ ಮಾತನ್ನು ನನ್ನ ಬಾಯಿಂದ ಕೇಳಿ, ಬ್ಯಾಂಕಿನಲ್ಲಿ ಯಾರೋ ನೌಕರಿ ಕಳೆದುಕೊಂಡರೆಂದು ತಿಳಿದು ಹಳಹಳಿಸಿದರು. ಅವರಿಗೆ ಎರಡು ಗಾಲಿಯ ಯಾವುದನ್ನು ಕಂಡರೂ ಹೆದರಿಕೆ. ಸಾಲಿ ಕಲಿಯುವಾಗ ಸೈಕಲ್ ಮೇಲಿಂದ ಬಿದ್ದವರು ಮತ್ತೆ ಹತ್ತಲಿಲ್ಲ. ಆದರೂ ಹುಬ್ಬಳ್ಳಿಯ ಶೋರೂಮಿಗೆ ಜೊತೆಗೆ ಬಂದರು. ಹೆದರುವವರು ಜೊತೆಗೆ ಬರುವುದೇ ದೊಡ್ಡದು. ಧೈರ್ಯಸ್ಥರು ಯಾರೂ ಬಂದಿರಲಿಲ್ಲ.

ಶೋರೂಮಿನ ಹುಡುಗ ಭಾಳ ಮರ್ಯಾದಸ್ಥ. ಎಲ್ಲವನ್ನೂ ನಮ್ಮವರಿಗೇ ಹೇಳಿದ. ನಾನು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಅವರಿಗೇ ಹೇಳಿದ. ಅವರು ಹೌದು ಹೌದು ಎಂದು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೊನೆಗೆ ಹುಡುಗನಿಗೆ ಗಾಡಿ ನನಗೆ ಎಂದು ತಿಳಿದಾಗ, "ಮೇಡಮ್ಮಾರ, ನಿಮ್ಮ ಹೈಟಿಗೆ ಇದು ಆಗೂದಿಲ್ರಿ. ಎರಡೂ ಕಾಲು ನೆಲಕ್ಕ ಮುಟ್ಟಬೇಕ್ರಿ," ಎಂದ.

"ಎರಡೂ ಕಾಲು ನೆಲದ ಮ್ಯಾಲೆ ಇಡೂದಿದ್ರ ಗಾಡಿ ಯಾಕ ಬೇಕಪಾ? ನಡಕೋತ ಹೋಗತಿದ್ದೆ," ಎಂದೆ.

ಮಾತು ಚಲೋ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನಾನು ಆ ಮಾತಿನ ಗುಂಗಿನಲ್ಲೇ ಗಾಡಿ ಹತ್ತಿದೆ. ಗಿಡ್ಡವರು ಒಂದು ಪಕ್ಕಕ್ಕೆ ಜಾರಿ ಕೂತು ಒಂದೇ ಕಾಲು ಊರಬೇಕೆಂದು ವಿಡಿಯೋದಲ್ಲಿ ಕಲಿತಿದ್ದೆ. ಕಾಲೇನೋ ಊರಿದೆ, ಊರಿದ್ದು ಆ ಕಡೆ, ಗಾಡಿ ವಾಲಿದ್ದು ಈ ಕಡೆ. ಶೋರೂಮಿನ ಬಾಗಿಲಲ್ಲಿ, ಹಾರ ಹಾಕಿಸಿಕೊಳ್ಳಲು ನಿಂತಿದ್ದ ಇನ್ನೊಬ್ಬರ ಹೊಸ ಗಾಡಿಯ ಎದುರಿಗೆ, ನಾನೂ ನಾನು ಹತ್ತಿದ ಗಾಡಿಯೂ ಒಟ್ಟಿಗೆ ಮಲಗಿದೆವು. ನಮ್ಮವರು ಕಣ್ಣು ಮುಚ್ಚಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ನಾಲ್ಕಾರು ಜನ ಓಡಿಬಂದರು. "ಯಾರೂ ಮುಟ್ಟಬ್ಯಾಡ್ರಿ," ಎಂದು ಎದ್ದು, ಗಾಡಿಗೆ ಬೆನ್ನು ಕೊಟ್ಟು, ಕೂತು, ಒಂದು ಕೈಯಿಂದ ಹ್ಯಾಂಡಲ್, ಇನ್ನೊಂದು ಕೈಯಿಂದ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಅದನ್ನು ನಿಲ್ಲಿಸಿದೆ. ಇದನ್ನು ಕಲಿಯಲು ವಿಡಿಯೋ ಬೇಕಾಗಿರಲಿಲ್ಲ. ಕಾಳಿನ ಚೀಲ ಎತ್ತಿದವರಿಗೆ ಬಲ ಕೈಯಲ್ಲಿರುವುದಿಲ್ಲ, ತೊಡೆಯಲ್ಲಿರುತ್ತದೆ ಎಂಬುದು ಗೊತ್ತಿರುತ್ತದೆ. ಗಾಡಿಯ ಬದಿಗೆ ಒಂದು ಗೀರು ಬಿದ್ದಿತ್ತು. ಹುಡುಗ ಅಳುವ ಮುಖ ಮಾಡಿದ್ದ. "ಹೊಸಾದು ಬ್ಯಾಡ, ಇದನ್ನ ಕೊಡು," ಎಂದೆ. ಬಿದ್ದು ಎದ್ದದ್ದರ ಮೇಲೆ ನನಗೆ ಭರವಸೆ ಹೆಚ್ಚು.

ಊರಿಗೆ ತಂದ ಮೇಲೆ ಇದಕ್ಕೆ ಹೆಸರಾಯಿತು. ಒಂಟಿ. ಎತ್ತರ, ಉದ್ದ ಕತ್ತು, ಹತ್ತುವವರ ಪಾಡು ನೋಡಿ ಯಾರೋ ಇಟ್ಟರು. ನಮ್ಮ ಕಡೆಯ ನಾಲಿಗೆಯಲ್ಲಿ ಒಂಟೆ ಒಂಟಿಯಾಗುತ್ತದೆ. ಒಬ್ಬಳೇ ಇರುವುದಕ್ಕೂ ಒಂಟಿ ಎಂದೇ ಹೇಳುತ್ತೇವೆ. "ಶೋಭಕ್ಕ ಒಂಟಿ ಹೊಂಟಾಳ" ಎಂದರೆ ಪ್ರಾಣಿಯ ಮೇಲೋ, ಒಬ್ಬಳೇ ಆಗಿಯೋ ಎಂದು ಕೇಳಿದವರೇ ಬಿಡಿಸಿಕೊಳ್ಳಬೇಕು. ಎರಡರಲ್ಲಿ ಯಾವ ಅರ್ಥ ತಗೊಂಡರೂ ನನಗೆ ತಕರಾರಿಲ್ಲ. ಧಾರವಾಡದಲ್ಲಿ ನಾನು ಬಿ.ಎ.ಗೆ ಸಂಸ್ಕೃತ ಓದಿದವಳು. ಅಡ್ವೆಂಚರ್ ಎಂಬುದಕ್ಕೆ ನಾವು ಸಾಹಸ ಎನ್ನುತ್ತೇವಲ್ಲ, ಹಳೆಯ ಧರ್ಮಶಾಸ್ತ್ರಗಳಲ್ಲಿ ಆ ಶಬ್ದಕ್ಕೆ ಬೇರೆಯೇ ಅರ್ಥ. ಅಲ್ಲಿ ಸಾಹಸ ಒಂದು ಅಪರಾಧ. ಬಲವಂತದಿಂದ ಕಸಿದುಕೊಳ್ಳುವುದು, ಹಾಡಹಗಲೇ ಲೂಟಿ ಮಾಡುವುದು, ದಂಡ ತೆರುವಂಥದ್ದು. ಸಾವಿರಾರು ವರ್ಷಗಳಲ್ಲಿ ಶಬ್ದ ಮೇಲ್ಜಾತಿಗೆ ಸೇರಿ ಗೌರವ ಪಡೆಯಿತು. ನರಗುಂದದಲ್ಲಿರುವ ನಮ್ಮ ಭಾವನವರು, ಅಂದರೆ ನಮ್ಮವರ ಅಣ್ಣ, ಸಂಸ್ಕೃತ ಓದಿದವರಲ್ಲ. ಆದರೂ ಅವರು ಹಿಡಿದದ್ದು ಶಾಸ್ತ್ರದ ಹಳೆಯ ಅರ್ಥವನ್ನೇ.

"ಶೋಭವ್ವಾ, ಮನಿತನ ಅಂತ ಒಂದು ಇರತೈತಿ," ಎಂದು ಫೋನಿನಲ್ಲಿ ಶುರು ಮಾಡುತ್ತಿದ್ದರು. ನಾನು ಗಾಡಿ ಮೇಲೆ ನರಗುಂದಕ್ಕೇ ಹೋಗಿ, ಅವರ ಮನೆಯ ಮುಂದೆಯೇ ನಿಲ್ಲಿಸಿ, ಉಳಿದದ್ದನ್ನು ಎದುರಿಗೇ ಕೇಳಿಸಿಕೊಂಡು ಬರುತ್ತಿದ್ದೆ.

ನಮ್ಮ ಅತ್ತೆಯವರದು ಮಾತ್ರ ದಿನದ ಪೂಜೆ. ನಾನು ಹೆಲ್ಮೆಟ್ ಕೈಗೆ ತಗೊಂಡ ಕೂಡಲೇ ಜಪಮಾಲೆ ಕೆಳಗಿಟ್ಟು ಬೈಯಲು ಕೂಡುತ್ತಾರೆ. "ಗಂಡಸೂರು ಗತೆ ಕಾಲು ಹಾಕಿ ಕುಂದರತಿ. ನಾಚಿಕಿ ಬರೂದಿಲ್ಲ?" "ಬರೂದಿಲ್ರಿ ಅತ್ತಿ." "ಬಿದ್ದು ಕಾಲು ಮುರಕೊಂಡ್ರ ನಾ ನೋಡೂದಿಲ್ಲ." "ಬ್ಯಾಡ್ರಿ." ಗಾಡಿ ಓಣಿ ದಾಟುವವರೆಗೆ ಅವರ ದನಿ ಕೇಳಿಸುತ್ತದೆ. ಎಂಜಿನ್ನಿನ ಸದ್ದನ್ನು ಮೀರಿಸುವ ದನಿ ಅದು.

ಹೀಗೆ ನಡೆದಿರುವಾಗ ಭಾವನವರು ನಮ್ಮ ಮಗಳಿಗೆ ಒಂದು ಸಂಬಂಧ ತಂದರು. ಮಗಳು ವಿದ್ಯಾ ಗದಗಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾಳೆ, ಶನಿವಾರ ಊರಿಗೆ ಬರುತ್ತಾಳೆ. ಹುಡುಗನ ಮನೆಯವರದು ಗಜೇಂದ್ರಗಡದಲ್ಲಿ ಸೀರೆ ಅಂಗಡಿ, ಹಳೆಯ ಮನೆತನ. ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಭಾವನವರ ಶರತ್ತು ಒಂದೇ: ಆ ಗಾಡಿ ಅವರ ಕಣ್ಣಿಗೆ ಬೀಳಬಾರದು.

ನಾನು ಆಗುವುದಿಲ್ಲ ಎಂದೆ. ಆಗ ವಿದ್ಯಾ ಸಿಟ್ಟಿಗೆದ್ದಳು. "ಒಂದ್ ದಿನ ಮುಚ್ಚಿಟ್ರ ಏನ್ ಆಗತೈತವ್ವಾ? ನೋಡಾಕ ಬರೋದು ನನ್ನ. ನಿನ್ನ ಹಟ ನನ್ನ ತಲಿ ಮ್ಯಾಲ್ಯಾಕ?" ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಭಾವನವರೆದುರು ನಾನು ಹುಲಿಯಾಗಿ ನಿಲ್ಲಬಲ್ಲೆ, ಮಗಳ ಎದುರು ಆಗುವುದಿಲ್ಲ. ನಮ್ಮವರೂ ನಾನೂ ಸೇರಿ ಹಿತ್ತಲಿನಲ್ಲಿ ಗಾಡಿಗೆ ತಾಡಪತ್ರಿ ಹೊದಿಸಿದೆವು, ಮಳೆ ಬಂದಾಗ ಕಾಳಿನ ರಾಶಿಗೆ ಹೊದಿಸುತ್ತಾರಲ್ಲ, ಹಾಗೆ. ಅಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಅದನ್ನು ಮುಚ್ಚಿದ್ದಕ್ಕಲ್ಲ, ಯಾರಿಗೋ ಹೆದರಿ ಮುಚ್ಚಿದ್ದಕ್ಕೆ.

ಅವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ, ಇನ್ನಿಬ್ಬರು. ಹುಡುಗ ಇಡೀ ಹೊತ್ತು ಉಪ್ಪಿಟ್ಟನ್ನೇ ನೋಡುತ್ತಿದ್ದ. ಮಾತೆಲ್ಲ ಸೋದರಮಾವನದು. ಎಲ್ಲ ಸುರಳೀತ ನಡೆದಿತ್ತು. ಅಷ್ಟರಲ್ಲಿ ಸೋದರಮಾವ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದರು. ಮುಚ್ಚಿಟ್ಟರೂ ಅಡಗುವ ವಸ್ತುವೇ ಅದು? ತಾಡಪತ್ರಿಯ ಕೆಳಗಿಂದ ಅರ್ಧ ಗಾಲಿ ಹಣಕಿ ಹಾಕಿತ್ತು.

"ಹಿತ್ತಲದಾಗ ಅದೇನ್ರಿ, ಅಷ್ಟ ದೊಡ್ಡದು?" ಎಂದು ಕೇಳಿದರು.

ನರಗುಂದದಿಂದ ಬಂದಿದ್ದ ಭಾವನವರು ಲಗೂನ, "ಬೆಳಿಗೆ ಔಷಧ ಹೊಡಿಯೋ ಮಷೀನ್ರಿ," ಎಂದರು.

ಮೂಲೆಯಲ್ಲಿ ಗೋಡೆಗೆ ಆನಿ ಕೂತಿದ್ದ ಅತ್ತೆಯವರು ತಲೆ ಎತ್ತಿದರು. "ಸುಳ್ಳ ಯಾಕ ಹೇಳತಿ? ಅದು ನಮ್ಮ ಶೋಭಾನ ಮೋಟರ್ ಸೈಕಲ್. ಆಕೀನ ಹೊಡೀತಾಳ. ಹೊಲಕ್ಕ ಹೊಕ್ಕಾಳ, ನರಗುಂದಕ್ಕ ಹೊಕ್ಕಾಳ, ತನಗ ಬೇಕಾದಲ್ಲೆ ಹೊಕ್ಕಾಳ."

ಸೋದರಮಾವ ಸಣ್ಣಗೆ ನಕ್ಕು, "ಮನಿಯಾಗ ಗಂಡಸೂರು ಇದ್ದೂ ಹಿಂಗಾದ್ರ ಹ್ಯಾಂಗ್ರಿ ಅಜ್ಜಿ? ಹೇಳೋರು ಕೇಳೋರು ಯಾರೂ ಇಲ್ಲೇನ?" ಎಂದರು.

"ನಾ ಅದೀನಲ್ಲ," ಎಂದರು ಅತ್ತೆ. "ಆಕಿನ್ನ ಬೈಯಾಕ ಈ ಮನಿಯಾಗ ನಾ ಅದೀನಿ. ದಿನಾ ಬೈತೀನಿ. ನೀವು ಆ ತ್ರಾಸ ತಗೋಬ್ಯಾಡ್ರಿ. ಚಾ ಆರತೈತಿ, ಕುಡೀರಿ."

ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಅದಕ್ಕೂ ಬೈಯುತ್ತಿದ್ದರು. ನಾನು ಎದ್ದು ನಿಂತು, "ನೋಡೂದಿದ್ರ ಬರ್ರಿ, ತೋರಸ್ತೀನಿ," ಎಂದೆ. ಯಾರೂ ಏಳಲಿಲ್ಲ, ಹುಡುಗನ ತಾಯಿಯೊಬ್ಬರ ಹೊರತು. ನನ್ನಷ್ಟೇ ವಯಸ್ಸು, ನನಗಿಂತ ಒಂದು ಬೆರಳು ಗಿಡ್ಡ. ನನಗಿಂತ ಗಿಡ್ಡವರನ್ನು ಕಂಡರೆ ನನಗೆ ತಕ್ಷಣ ಸ್ನೇಹ. ಇಬ್ಬರೂ ಹಿತ್ತಲಿಗೆ ಹೋಗಿ ತಾಡಪತ್ರಿ ಎಳೆದೆವು. ಅವರು ಸೀಟಿನ ಮೇಲೆ ಕೈಯಿಟ್ಟು, "ಇಷ್ಟೆತ್ರ ಹ್ಯಾಂಗ ಹತ್ತತೀರಿ?" ಎಂದು ಪಿಸುದನಿಯಲ್ಲಿ ಕೇಳಿದರು. ನಾನು ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು, ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಎಡಗಡೆಯ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಕುದುರೆ ಹತ್ತುವವರಂತೆ ಮೇಲಕ್ಕೆ ಎದ್ದು ನಿಂತು ತೋರಿಸಿದೆ. ಅವರು ಕೆಳಗಿಂದ ನನ್ನನ್ನು ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಒಳಗೆ ಬಂದು ಮೊದಲಿನಂತೆ ಸುಮ್ಮನೆ ಕೂತರು.

ವಾರ ಕಳೆಯುವುದರೊಳಗೆ ಭಾವನವರ ಫೋನು ಬಂತು. ಜಾತಕ ಕೂಡುವುದಿಲ್ಲವಂತೆ. ಜಾತಕವನ್ನು ಅವರು ಕೇಳಿರಲಿಲ್ಲ, ನಾವು ಕೊಟ್ಟಿರಲಿಲ್ಲ. ಬಹುಶಃ ಗಾಡಿಯ ನಂಬರಿನ ಮೇಲೆ ನೋಡಿಸಿರಬೇಕು. ನಾನು ನಗಾಡಿದೆ. ವಿದ್ಯಾ ನಗಲಿಲ್ಲ. "ನನ್ನ ನೋಡಾಕ ಬಂದ್ರು, ನಿನ್ನ ಗಾಡಿ ನೋಡಿ ಹೋದ್ರು," ಎಂದಳು. ಹುಡುಗನ ಮೇಲೆ ಅವಳಿಗೆ ಅಂಥ ಮನಸ್ಸೇನೂ ಆಗಿರಲಿಲ್ಲ. ಆದರೆ ತನ್ನನ್ನು ಬೇಕು, ಬೇಡ ಎನ್ನಲಿಕ್ಕೂ ತನ್ನನ್ನೇ ನೋಡಬೇಕಿತ್ತು ಎಂಬುದು ಅವಳ ನೋವು. ಗದಗಿಗೆ ಹೋದವಳು ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಫೋನಿನಲ್ಲಿ ಹೂಂ, ಉಹೂಂ ಅಷ್ಟೇ.

ಆ ದಿನಗಳಲ್ಲಿ ನಾನು ಗಾಡಿ ತೆಗೆಯಲಿಲ್ಲ. ಹೊಲಕ್ಕೆ ಬಸ್ಸಿನಲ್ಲಿ ಹೋದೆ. ಅತ್ತೆಯವರಿಗೆ ಬೈಯಲು ವಿಷಯವಿಲ್ಲದೆ ಮನೆ ಆಸ್ಪತ್ರೆಯಂತಾಯಿತು. ಒಂದು ಸಂಜೆ ನಮ್ಮವರು ಅಂಗಡಿಯಿಂದ ಬಂದಾಗ, "ಮಾರಿಬಿಡೂಣ್ರಿ ಅದನ್ನ," ಎಂದೆ. ಅವರು ಟೊಪ್ಪಿಗೆ ಗೂಟಕ್ಕೆ ಹಾಕಿ, ನಿಧಾನಕ್ಕೆ ಕೇಳಿದರು:

"ಮಾರಿದ್ರ ಅವ್ರು ಹೊಳ್ಳಿ ಬರ್ತಾರೇನು?"

"ಯಾರಿಗ್ಗೊತ್ತು? ಬಂದ್ರೂ ಬರಬಹುದು."

"ಬಂದ್ರ ಕೊಡೂಣೇನು ಮಗಳನ್ನ, ಅಂಥಾ ಮನಿಗೆ?"

ಎರಡು ಗಾಲಿಗೆ ಹೆದರುವ ಈ ಮನುಷ್ಯನ ಬಾಯಲ್ಲಿ ಇಷ್ಟು ನೆಟ್ಟಗಿನ ಮಾತು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಹೊರಗೆ ತೆಗೆದೆ. ಅತ್ತೆ ಜಪಮಾಲೆ ಕೆಳಗಿಟ್ಟರು. ಮನೆಗೆ ಮತ್ತೆ ಜೀವ ಬಂತು.

ವಿದ್ಯಾ ಬಂದದ್ದು ಅದರ ಮುಂದಿನ ಶನಿವಾರ. ಊಟ ಮಾಡಿದಳು, ಅಜ್ಜಿಯ ಹತ್ತಿರ ಕೂತಳು, ನನ್ನ ಜೊತೆ ಮಾತಿಲ್ಲ. ಸಂಜೆ ನಾನು ಅಂಗಳದಲ್ಲಿ ಗಾಡಿಯ ಚೈನಿಗೆ ಎಣ್ಣೆ ಹಚ್ಚುತ್ತಿದ್ದೆ. ಬಂದು ಪಕ್ಕದಲ್ಲಿ ನಿಂತಳು. "ನನಗೂ ಕಲಸು," ಎಂದಳು. ನಾನು ನೋಡಿದೆ. "ಹ್ಯಾಂಗೂ ಗಾಡಿ ಹೆಸರ್ಲೆ ಬ್ಯಾಡ ಅನಿಸ್ಕೊಂಡಾಗೈತಿ. ಹೊಡೀಲಾರದ ಯಾಕ ಅನಿಸ್ಕೊಳ್ಳಿ?" ಎಂದಳು. ಫಿಸಿಕ್ಸ್ ಓದಿದವಳು, ಲೆಕ್ಕ ಸರಿ ಇತ್ತು.

ಪೇಟೆಯ ಹಿಂದಿನ ಬಯಲಿನಲ್ಲಿ ರವಿವಾರಗಳ ಬೆಳಿಗ್ಗೆ ಕಲಿಸಿದೆ. ಅವಳು ಅಪ್ಪನ ಎತ್ತರ. ಎರಡೂ ಪಾದ ಪೂರ್ತಿ ನೆಲಕ್ಕೆ ಹತ್ತುತ್ತವೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದನ್ನು ಯಾಕೆ ಮುಚ್ಚಿಡಲಿ? ಲೈಸೆನ್ಸು ಕೈಗೆ ಬಂದ ಮೇಲೆ, ಮಳೆ ಮುಗಿದು ಜೋಳ ಬಿತ್ತಿದ ಹೊತ್ತಿನಲ್ಲಿ, ಇಬ್ಬರೂ ಗಜೇಂದ್ರಗಡಕ್ಕೆ ಹೊರಟೆವು. ಹೋಗುವಾಗ ನಾನು ಹೊಡೆದೆ. ಸೂಡಿ ದಾಟಿದ ಮೇಲೆ ಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳು. ಸುಮ್ಮನೆ ಅಲ್ಲಿ ಅವನ್ನು ನೆಟ್ಟಿಲ್ಲ. ಬದಿಯಿಂದ ಬೀಸುವ ಗಾಳಿ ಎತ್ತರದ ಗಾಡಿಯನ್ನು ಭುಜ ಹಿಡಿದು ನೂಕುತ್ತದೆ. ಗಾಳಿ ಬರುವ ಕಡೆಗೇ ಸ್ವಲ್ಪ ವಾಲಿಕೊಡಬೇಕು, ಅದು ನೂಕಿದ್ದನ್ನು ಪೂರ್ತಿ ಒಪ್ಪಿಕೊಳ್ಳಬಾರದು. ಗುಡ್ಡ ಹತ್ತಿ, ದೇವರಿಗೆ ಕೈ ಮುಗಿದು, ಕೆಳಗೆ ಪೇಟೆಯಲ್ಲಿ ಮಿರ್ಚಿ ಭಜಿ ತಿಂದೆವು. ಸೀರೆ ಅಂಗಡಿಗಳ ಓಣಿಯಲ್ಲಿ ಒಂದು ಸುತ್ತು ಹಾಕೋಣವೇ ಎಂದು ನಾನು ಕೇಳಿದೆ. "ಏನ್ ಬೇಕಾಗಿಲ್ಲ ಬಿಡವ್ವಾ, ಸೀರಿ ಉಡಾಕ ಟೈಮ್ ಎಲ್ಲೈತಿ," ಎಂದು ಕೀಲಿಗೆ ಕೈ ಚಾಚಿದಳು. "ಈಗ ನಾ ಹೊಡೀತೀನಿ."

ಮೊಟ್ಟಮೊದಲ ಬಾರಿಗೆ ನಾನು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೆ. ಕೂತ ಕೂಡಲೇ ನನಗೆ ಏನಾಯಿತೋ! ರಸ್ತೆಯಲ್ಲಿ ಅದುವರೆಗೆ ಇಲ್ಲದ ತಗ್ಗುಗಳು ಕಾಣಿಸಿದವು. ಎದುರಿಗೆ ಬರುವ ಪ್ರತಿ ಟ್ರ್ಯಾಕ್ಟರು ನಮ್ಮನ್ನೇ ಹುಡುಕಿಕೊಂಡು ಬಂದಂತಿತ್ತು. ಊರು ದಾಟುವುದರೊಳಗೆ ನಾನು, "ಸಾವಕಾಶ," ಎಂದಿದ್ದೆ. ಆಮೇಲೆ, "ಅಷ್ಟ ಜೋರ್ ಯಾಕ?" ಎಂದೆ. ಆಮೇಲೆ, "ಬ್ರೇಕ್ ಮ್ಯಾಲೆ ಬೆರಳಿರಲಿ, ಬಸ್ ಬರಾಕತ್ತೈತಿ, ಬಿದ್ದು ಕಾಲು ಮುರಕೊಂಡ್ರ..." ಎನ್ನುವಷ್ಟರಲ್ಲಿ ಅತ್ತೆಯವರ ದನಿ ನನ್ನ ಗಂಟಲಿನಿಂದ ಬರುವುದು ಹೆಲ್ಮೆಟ್ಟಿನೊಳಗೆ ನನಗೇ ಕೇಳಿಸಿತು. ಇನ್ನೊಂದು ಮೈಲಿ ಹೋಗಿದ್ದರೆ ಮನೆತನದ ಮಾತೂ ಬರುತ್ತಿತ್ತು. ಇಷ್ಟು ದಿನ ನಾನು ಯಾರ್‍ಯಾರ ಜೊತೆ ಜಗಳಾಡಿದೆನೋ ಅವರೆಲ್ಲ ಕೆಟ್ಟವರಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು, ಅಷ್ಟೇ. ಕೈಯಲ್ಲಿ ಹ್ಯಾಂಡಲ್ ಇಲ್ಲದವರಿಗೆ ಜಗತ್ತು ಭಾಳ ಜೋರಾಗಿ ಓಡುತ್ತದೆ. ಹಾಗಂತ ಅವರ ಮಾತು ಕೇಳಿ ಗಾಡಿ ನಿಲ್ಲಿಸಬೇಕಾಗಿಲ್ಲ.

ವಿದ್ಯಾ ತಲೆ ಅರ್ಧ ತಿರುಗಿಸಿ, "ಹೆದರಿಕಿ ಬರಾಕತ್ತೈತೇನವ್ವಾ? ನಿಂದರಸ್ಲ್ಯಾ?" ಎಂದು ಕೂಗಿ ಕೇಳಿದಳು.

ಎರಡೂ ಕೈಯಿಂದ ಅವಳ ಜಾಕೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, "ಏನಿಲ್ಲ, ಇನ್ನೊಂದು ಗೇರ್ ಹಾಕು," ಎಂದೆ.